ಬಾಡಿ ಆಮೇಲೆ, ಮೊದ್ಲು ಲೆನ್ಸ್: ಫಿಲ್ಮ್ ಕ್ಯಾಮೆರಾ ಕೊಳ್ಳೋರ ಜೊತೆ ಒಂದಿಷ್ಟು ಮಾತು

ಎಲ್ರಿಗೂ ನಮಸ್ಕಾರ. ಈ ಮಳೇಲೂ ಇಷ್ಟು ಜನ ಬಂದಿದೀರಲ್ಲ, ತುಂಬಾ ಖುಷಿ ಆಯ್ತು. ಇಲ್ಲಿ ಟೇಬಲ್ ಮೇಲೆ ಆರು ಹಳೇ ಲೆನ್ಸ್ ಇಟ್ಟಿದೀನಿ, ಪಕ್ಕದಲ್ಲೇ ಒಂದು ಟಾರ್ಚ್ ಇದೆ. ಮಾತು ಮುಗಿದ್ಮೇಲೆ ಅದು ನಿಮ್ಮದೇ ಕೆಲ್ಸ, ಈಗ ಸ್ವಲ್ಪ ಹೊತ್ತು ಕೂತ್ಕೊಂಡು ಕೇಳಿ.

ಫಿಲ್ಮ್ ಕ್ಯಾಮೆರಾ ತಗೋಬೇಕು ಅಂತ ನನ್ನ ಹತ್ರ ಬರೋ ಹುಡುಗ್ರು ಹುಡುಗೀರು ಎಲ್ರೂ ಮೊದ್ಲು ಕೇಳೋದು ಒಂದೇ, ಯಾವ ಕ್ಯಾಮೆರಾ ಒಳ್ಳೇದು ಸಾರ್ ಅಂತ. ನಾನು ವಾಪಸ್ ಕೇಳ್ತೀನಿ, ಯಾವ ಲೆನ್ಸ್ ಸಿಗ್ತಾ ಇದೆ ಹೇಳು ಮೊದ್ಲು ಅಂತ. ಇದು ಸುಮ್ನೆ ಹೇಳೋ ಮಾತಲ್ಲ. ಡಿಜಿಟಲ್‌ನಲ್ಲಿ ಫೋಟೋ ಹಿಡಿಯೋ ಸೆನ್ಸರ್ ಬಾಡಿ ಒಳಗೇ, ಅಂದ್ರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ ಒಳಗೇ ಇರತ್ತೆ, ಬಾಡಿ ಬದಲಾದ್ರೆ ಫೋಟೋನೇ ಬದಲಾಗತ್ತೆ. ಫಿಲ್ಮ್ ಕ್ಯಾಮೆರಾದಲ್ಲಿ ಹಾಗಲ್ಲ, ಇಲ್ಲಿ ಸೆನ್ಸರ್ ಕೆಲ್ಸ ಮಾಡೋದು ನೀವು ಹಾಕೋ ರೋಲ್. ಬಾಡಿ ಮಾಡೋದಿಷ್ಟೇ, ರೋಲ್‌ನ ಕತ್ತಲಲ್ಲಿ ಮಟ್ಟಸವಾಗಿ ಹಿಡ್ಕೊಂಡಿರೋದು, ನೀವು ಹೇಳಿದಷ್ಟು ಹೊತ್ತು ಶಟರ್ ಅನ್ನೋ ಪರದೆ ತೆಗೆದು ಮುಚ್ಚೋದು. ಪೆಂಟಾಕ್ಸ್ ಕೆ 1000 ಆಗ್ಲಿ ನಿಕಾನ್ ಎಫ್‌ಎಂ 2 ಆಗ್ಲಿ, ಶಟರ್ ಸರಿ ಇದ್ರೆ 1/125 ಸೆಕೆಂಡ್ ಅಂದ್ರೆ 1/125 ಸೆಕೆಂಡೇ. ಎರಡಕ್ಕೂ ಟ್ರೈ-ಎಕ್ಸ್ ಅನ್ನೋ ಒಂದೇ ಥರದ ಕಪ್ಪು ಬಿಳುಪು ರೋಲ್ ಹಾಕಿ ತೊಳೆಸಿದ್ರೆ ಫಿಲ್ಮ್ ನೋಡಿ ಯಾವ್ದು ಯಾವ ಬಾಡಿದು ಅಂತ ಹೇಳೋಕಾಗಲ್ಲ, ವ್ಯತ್ಯಾಸ ಏನಾದ್ರೂ ಕಂಡ್ರೆ ಅದು ಲೆನ್ಸಿಂದ ಬಂದಿರತ್ತೆ. ಹಾಗಾಗಿ ಕೈಲಿರೋ ದುಡ್ಡಲ್ಲಿ ದೊಡ್ಡ ಪಾಲು ಲೆನ್ಸಿಗೆ ಹೋಗ್ಲಿ ಅಂತ ನಾನು ಹೇಳೋದು, ಫಳಫಳ ಅನ್ನೋ ಬಾಡಿಗಲ್ಲ.

ಲೆನ್ಸ್ ಅಂದ ತಕ್ಷಣ ಮೌಂಟ್, ಅಂದ್ರೆ ಲೆನ್ಸ್ ಬಾಡಿಗೆ ಕೂರೋ ಜಾಗದ ವಿಷ್ಯ ಬರತ್ತೆ, ಇದನ್ನ ಬೇಗ ಹೇಳಿ ಮುಂದೆ ಹೋಗ್ತೀನಿ. ನಿಕಾನ್‌ನ ಎಫ್ ಮೌಂಟ್ 1959ರಿಂದ ಇದೆ, ಆದ್ರೆ ಅದೇ ಮೌಂಟ್ ಅಂತ ಎಲ್ಲಾ ಲೆನ್ಸೂ ಎಲ್ಲಾ ಬಾಡಿಗೂ ಆಗತ್ತೆ ಅನ್ಕೋಬೇಡಿ, ಮನೇಲಿರೋ ಡಿಜಿಟಲ್ ನಿಕಾನ್‌ನ ಜಿ ಲೆನ್ಸ್ ತಂದು ಎಫ್‌ಎಂ 2ಗೆ ಹಾಕಿದ್ರೆ ಕೂತ್ಕೊಳತ್ತೆ, ಆದ್ರೆ ಅದಕ್ಕೆ ಅಪರ್ಚರ್ ರಿಂಗೇ, ಅಂದ್ರೆ ಬೆಳಕು ಬರೋ ತೂತನ್ನ ದೊಡ್ಡದು ಚಿಕ್ಕದು ಮಾಡೋ ರಿಂಗೇ ಇಲ್ಲ, ಫೋಟೋ ಎಲ್ಲಾ ಅತಿ ಸಣ್ಣ ತೂತಲ್ಲೇ ತೆಗೀಬೇಕಾಗತ್ತೆ. ಪೆಂಟಾಕ್ಸ್ ಕೆ ಮೌಂಟ್ 1975ರದ್ದು, ಶುರು ಮಾಡೋರಿಗೆ ನನಗೆ ತುಂಬಾ ಇಷ್ಟ, ಲೆನ್ಸ್‌ಗಳು ಪುಟ್ಟದಾಗಿ ಗಟ್ಟಿಯಾಗಿ ಇರತ್ವೆ. ಕ್ಯಾನನ್‌ನವ್ರು 1987ರಲ್ಲಿ ಇಎಫ್ ಅಂತ ಹೊಸ ಮೌಂಟ್ ತಂದು ಹಳೇ ಎಫ್‌ಡಿನ ಅಲ್ಲಿಗೇ ಬಿಟ್ರು, ಎಫ್‌ಡಿ ಲೆನ್ಸ್ ಹೊಸ ಮೌಂಟಿನ ಇಒಎಸ್ ಬಾಡಿಗೆ ಕೂರಲ್ಲ, ಇಎಫ್ ಲೆನ್ಸ್ ಹಳೇ ಮೌಂಟಿನ ಎಇ-1ಗೆ ಕೂರಲ್ಲ. ಇನ್ನು ತಿರುಪಿನ ಥರ ಸುತ್ತಿ ಕೂರಿಸೋ ಎಂ42, ರಷ್ಯಾದ ಝೆನಿಟ್, ಜರ್ಮನಿಯ ಪ್ರಾಕ್ಟಿಕಾ, ಹಳೇ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಎಲ್ಲಾ ಇದೇ. ನಿಮಗೆ ಸುಲಭವಾಗಿ ಯಾವ ಮೌಂಟಿನ ಲೆನ್ಸ್ ಸಿಗತ್ತೋ, ನೆಂಟರ ಮನೆ ಬೀರುನಲ್ಲಿ ಯಾವ್ದು ಕೂತಿದ್ಯೋ, ಅದ್ನೇ ಹಿಡೀರಿ.

ಯಾವ ಲೆನ್ಸ್? 50 ಎಂಎಂ, ಎಫ್ 1.8 ಅಥ್ವಾ 1.7 ಅಥ್ವಾ 2, ಈ ಎಫ್ ನಂಬರ್ ಚಿಕ್ಕದಾದಷ್ಟೂ ಅಪರ್ಚರ್ ತೂತು ದೊಡ್ಡದು. ಬೇರೆ ಯೋಚ್ನೆನೇ ಬೇಡ. 35 ಎಂಎಂ ಫಿಲ್ಮಿನ ಒಂದು ಫ್ರೇಮ್ 24ಕ್ಕೆ 36 ಮಿಲಿಮೀಟರ್, ಮೂಲೆಯಿಂದ ಮೂಲೆಗೆ ಅಳೆದ್ರೆ ಸುಮಾರು 43 ಬರತ್ತೆ, ಲೆನ್ಸಿನ ಫೋಕಲ್ ಲೆಂತ್, ಅಂದ್ರೆ ಈ 50 ಅನ್ನೋ ಅಳತೆ, ಅದರ ಹತ್ರ ಇದ್ದಾಗ ಫೋಟೋದಲ್ಲಿ ದೂರದ್ದು ಎಳೆದ ಹಾಗೂ ಕಾಣಲ್ಲ, ಹತ್ರದ್ದು ಉಬ್ಬಿದ ಹಾಗೂ ಕಾಣಲ್ಲ. ಆಗಿನ ಕಾಲಕ್ಕೆ ಕ್ಯಾಮೆರಾ ಜೊತೇಲೇ ಬರ್ತಿದ್ದ ಲೆನ್ಸ್ ಇದು, ಲಕ್ಷಗಟ್ಟಲೆ ಮಾಡಿದ್ರು, ಅದಕ್ಕೇ ಇವತ್ತಿಗೂ ಕಮ್ಮಿ ರೇಟಿಗೆ ಸಿಗತ್ತೆ. ಕಮ್ಮಿ ರೇಟು ಅಂತ ಕೀಳಾಗಿ ನೋಡ್ಬೇಡಿ, ಆ ಕಂಪನಿಗಳು ಹೆಸರು ಉಳಿಸ್ಕೊಂಡಿದ್ದೇ ಈ ಲೆನ್ಸಲ್ಲಿ.

ತುಂಬಾ ಜನ ಇದನ್ನ ಬಿಟ್ಟು 35-70 ಜೂಮ್ ತಗೋತಾರೆ, ಒಂದರಲ್ಲೇ ಎಲ್ಲಾ ಇದ್ಯಲ್ಲ ಅಂತ. ಒಂದು ಉದಾಹರಣೆ ಕೊಡ್ತೀನಿ ನೋಡಿ. ನಮ್ಮೂರಿನ ಹಳೇ ಮನೆ ಅಡುಗೆಮನೆ, ಒಂದೇ ಕಿಟಕಿ, ಬೆಳಿಗ್ಗೆ ಎಂಟು ಗಂಟೆ, ಒಲೆ ಹೊಗೆ ಆ ಕಿಟಕಿ ಬೆಳಕಲ್ಲಿ ಕೋಲು ಕೋಲಾಗಿ ನಿಂತಿದೆ, ನಮ್ಮತ್ತಿಗೆ ದೋಸೆ ಹುಯ್ತಾ ಇದಾರೆ. ಕ್ಯಾಮೆರಾದಲ್ಲಿ 400 ಐಎಸ್ಒ ಫಿಲ್ಮ್, ಐಎಸ್ಒ ಅಂದ್ರೆ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ. 50 ಎಂಎಂ ಲೆನ್ಸ್‌ನ 1.8ಗೆ ತೆಗೆದ್ರೆ ಬೆಳಕು ಅಳೆಯೋ ಮೀಟರ್ 1/60 ಅಂತು, ಉಸಿರು ಹಿಡ್ಕೊಂಡು ಕ್ಲಿಕ್ ಮಾಡಿದ್ರೆ ಫೋಟೋ ಬರತ್ತೆ. ಅದೇ ಜಾಗದಲ್ಲಿ ಜೂಮ್ ಹಾಕಿದ್ರೆ ಅದು ಪೂರ್ತಿ ತೆರೆದ್ರೂ 4.8, ಹತ್ತತ್ರ ಮೂರು ಸ್ಟಾಪ್ ಬೆಳಕು ಹೋಯ್ತು, ಒಂದೊಂದು ಸ್ಟಾಪಿಗೂ ಬೆಳಕು ಅರ್ಧ ಆಗತ್ತೆ, ಶಟರ್ 1/8ಕ್ಕೆ ಇಳೀತು. 1/8ರಲ್ಲಿ ನಿಮ್ ಕೈಯೂ ಅಲ್ಲಾಡತ್ತೆ, ಅತ್ತಿಗೆ ಕೈಯೂ ಅಲ್ಲಾಡತ್ತೆ. ಕೈಲಿ ಹಿಡಿದು ತೆಗೆಯುವಾಗ ಲೆನ್ಸ್ ಎಷ್ಟು ಎಂಎಮ್ಮೋ ಶಟರ್ ಅಷ್ಟರ ಮೇಲಿರ್ಬೇಕು ಅಂತ ಒಂದು ಲೆಕ್ಕ ಇದೆ, 50ಕ್ಕೆ 1/60, 135ಕ್ಕೆ 1/250 ಹಾಕಿದ್ರೆ ನಿಶ್ಚಿಂತೆ. ಡಿಜಿಟಲ್ ಆದ್ರೆ ಐಎಸ್ಒ ಏರಿಸ್ಬಹುದು, ಇಲ್ಲಿ ಒಂದ್ಸಲ ರೋಲ್ ಹಾಕಿದ್ರೆ 36 ಫೋಟೋ ಮುಗಿಯೋವರ್ಗೂ ಅದೇ ಗತಿ, ಹಾಗಾಗಿ ಫಿಲ್ಮಲ್ಲಿ ದೊಡ್ಡ ಅಪರ್ಚರ್ ಅನ್ನೋದು ಶೋಕಿ ಅಲ್ಲ, ಮನೆ ಒಳಗೆ ಫೋಟೋ ತೆಗೀಬೇಕು ಅಂದ್ರೆ ಬೇಕೇ ಬೇಕು. ಇನ್ನೊಂದು, ವ್ಯೂಫೈಂಡರಲ್ಲಿ ನೀವು ನೋಡೋದೂ ಅದೇ ಲೆನ್ಸಿಂದ ಬರೋ ಬೆಳಕನ್ನೇ. 1.8 ಲೆನ್ಸಲ್ಲಿ ನಡುವಿನ ಆ ಎರಡು ಅರ್ಧ ಕೂಡಿಸಿ ಫೋಕಸ್ ಮಾಡೋ ಜಾಗ ಚೆನ್ನಾಗಿ ಕಾಣತ್ತೆ, 5.6ರ ಕಡೆ ಹೋದಂಗೆ ಅದರಲ್ಲಿ ಒಂದು ಅರ್ಧ ಕಪ್ಪಾಗೋಕೆ ಶುರು ಆಗತ್ತೆ, ಮಂದ ಬೆಳಕಲ್ಲಿ ಫೋಕಸ್ ಮಾಡೋದೇ ಕಷ್ಟ.

ಎರಡನೇ ಲೆನ್ಸ್ ಬೇಕು ಅನ್ನಿಸೋಕೆ ಕನಿಷ್ಠ ಹತ್ತು ರೋಲ್ ಆಗ್ಲಿ. ತೊಳೆಸಿದ ರೋಲ್ ನೋಡಿದ್ರೆ ನಿಮಗೇ ಗೊತ್ತಾಗತ್ತೆ, ಜಾತ್ರೆ, ಸಂತೆ, ಬೀದಿ ತೆಗೆಯೋರಿಗೆ ಹಿಂದೆ ಹೋಗೋಕೆ ಜಾಗ ಸಾಲ್ದೆ ಗೋಡೆಗೆ ಬೆನ್ನು ತಾಗ್ತಿರತ್ತೆ, ಅವ್ರು 28 ಅಥ್ವಾ 35 ತಗೊಳ್ಳಿ. ಮುಖ ತೆಗೆಯೋರು 135 ನೋಡಿ, 85 ಚೆಂದ ಆದ್ರೆ ರೇಟು ಮುಟ್ಟೋ ಹಾಗಿಲ್ಲ, 135 ಎಫ್ 2.8 ಅಥ್ವಾ 3.5 ಈಗ್ಲೂ ಕೈಗೆಟುಕತ್ತೆ. ಹಕ್ಕಿ ಫೋಟೋಗೆ ಫಿಲ್ಮಲ್ಲಿ ಏನ್ ಲೆನ್ಸ್ ಅಂತ ಕೇಳೋರಿಗೆ ನೇರವಾಗಿ ಹೇಳ್ತೀನಿ, ಮೊದಲನೇ ವರ್ಷ ಬೇಡ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಇವ್ರೆಲ್ಲಾ ಫಿಲ್ಮಲ್ಲೇ ಕಾಡಿನ ಫೋಟೋ ತೆಗೆದವ್ರು, ಘೋರ್ಪಡೆಯವರ ಕಪ್ಪು ಬಿಳುಪಿನ ಆನೆ, ಹುಲಿ ನೋಡಿದ್ರೆ ಈಗ್ಲೂ ಮೈ ಜುಂ ಅನ್ನತ್ತೆ, ಆದ್ರೆ ಅವ್ರು ಲೆನ್ಸಿಗಿಂತ ಹೆಚ್ಚು ಕೂಡಿಟ್ಕೊಂಡಿದ್ದು ಪ್ರಾಣಿಗಳ ಬಗ್ಗೆ ತಿಳುವಳಿಕೆ ಮತ್ತೆ ತಾಳ್ಮೆ, ಅದಕ್ಕೆ ವರ್ಷಗಟ್ಟಲೆ ಬೇಕು.

ಈಗ ಟೇಬಲ್ ಮೇಲಿರೋ ಈ ಹಳೇ ಲೆನ್ಸ್‌ಗಳ ವಿಷ್ಯ. ಇದಕ್ಕೇ ನಾನು ಇವತ್ತು ಬಂದಿದ್ದು.

ಹಳೇ ಲೆನ್ಸಿಗೆ ನಮ್ಮ ಕಡೆ ದೊಡ್ಡ ಶತ್ರು ಬೂಷ್ಟು. ನಮ್ಮನೆ ಮಲೆನಾಡಿನ ಸಾಗರ ಊರಿನ ಹತ್ರ, ಮಳೆಗಾಲದಲ್ಲಿ ಚಪ್ಪಲಿ ಮೇಲೂ ಬೂಷ್ಟು, ಬೆಲ್ಟ್ ಮೇಲೂ ಬೂಷ್ಟು. ಅಪ್ಪ ಒಂದು ಕೆ 1000, ಜೊತೆಗೆ 50 ಎಂಎಂ ಲೆನ್ಸ್ ತುಂಬಾ ಜೋಪಾನ ಮಾಡಿದ್ರು, ಚರ್ಮದ ಕೇಸಲ್ಲಿ ಹಾಕಿ ಮೇಲೊಂದು ಟವೆಲ್ ಸುತ್ತಿ ಬೀರು ಒಳಗೆ ಇಟ್ಟಿದ್ರು. ಬೂಷ್ಟಿಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಕತ್ತಲು, ಗಾಳಿ ಆಡಲ್ಲ, ಚರ್ಮ ತೇವ ಎಳ್ಕೊಂಡು ಕೂತಿರತ್ತೆ. ಎರಡು ಮಳೆಗಾಲ ಆದ್ಮೇಲೆ ನಾನು ತೆಗೆದು ಏನೂ ನೋಡ್ದೆ ರೋಲ್ ಹಾಕ್ಕೊಂಡು ಅಜ್ಜಿ ಜಗಲಿ ಮೇಲೆ ಸಂಜೆ ಬಿಸಿಲಿಗೆ ಬೆನ್ನು ಮಾಡಿ ಕೂತಿದ್ದನ್ನ ಒಂದು ಇಡೀ ರೋಲ್ ತೆಗೆದೆ. ಪ್ರಿಂಟ್ ಬಂದಾಗ ಎಲ್ಲದರ ಮೇಲೂ ಹಾಲು ಚೆಲ್ಲಿದ ಹಾಗೆ ಒಂದು ಬಿಳಿ ಮಂಜು, ಕಪ್ಪು ಅನ್ನೋದೇ ಇಲ್ಲ, ಅಜ್ಜಿ ಮುಖ ಆ ಮಂಜಿನ ಹಿಂದೆ ಎಲ್ಲೋ ಇದೆ. ಲೆನ್ಸ್ ಬಿಚ್ಚಿಸಿ ಒರೆಸಿದ್ವಿ, ಎಳೆ ಹೋಯ್ತು, ಆದ್ರೆ ಗಾಜಿನ ಮೇಲಿನ ಕೋಟಿಂಗ್‌ನ ಅದು ತಿಂದಾಗಿತ್ತು, ಆ ಗುರುತು ಇವತ್ತಿಗೂ ಇದೆ. ಅಜ್ಜಿದು ಬೇರೆ ಒಳ್ಳೇ ಫೋಟೋ ನಮ್ಮನೇಲಿ ಇಲ್ಲ.

ಅದಕ್ಕೇ ಹೇಳ್ತಾ ಇರೋದು, ಅಂಗಡಿಯವ್ರು ಕ್ಲೀನ್ ಇದೆ ಅಂದ್ರು ಅಂತ ತಗೋಬೇಡಿ, ಜೇಬಲ್ಲಿ ಟಾರ್ಚ್ ಇಟ್ಕೊಂಡ್ ಹೋಗಿ. ಲೆನ್ಸ್‌ನ ಕ್ಯಾಮೆರಾದಿಂದ ಬಿಚ್ಚಿಸಿ, ಎರಡೂ ಕಡೆ ಕ್ಯಾಪ್ ತೆಗೀರಿ. ಮೊದ್ಲು ಮೂಸಿ ನೋಡಿ, ಹೌದು ಮೂಗಿನ ಹತ್ರ ತನ್ನಿ, ಮುಗ್ಗಲು ವಾಸನೆ ಇದ್ರೆ ಅಲ್ಲೇ ಹುಷಾರಾಗಿ. ಅಪರ್ಚರ್ ರಿಂಗ್‌ನ ಪೂರ್ತಿ ತೆರೆಯೋ ಕಡೆ ತಿರುಗ್ಸಿ, ಹಿಂದ್ಗಡೆಯಿಂದ ಟಾರ್ಚ್ ಬಿಡಿ, ಮುಂದಿನಿಂದ ನೋಡಿ, ಆದ್ರೆ ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ, ಲೆನ್ಸ್‌ನ ನಿಧಾನಕ್ಕೆ ವಾಲಿಸ್ತಾ ನೋಡಿ. ನೇರ ನೋಡಿದ್ರೆ ಟಾರ್ಚ್ ಕಣ್ಣಿಗೆ ಹೊಡೆಯತ್ತೆ, ಏನೂ ಕಾಣಲ್ಲ. ಚುಕ್ಕಿ ಚುಕ್ಕಿ ಧೂಳು ಕಾಣತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ, ನಲವತ್ತು ವರ್ಷದ ಲೆನ್ಸಲ್ಲಿ ಧೂಳು ಇಲ್ದೆ ಇನ್ನೇನಿರತ್ತೆ, ಫೋಟೋದಲ್ಲಿ ಬರಲ್ಲ. ಅಂಚಿಂದ ಒಳಗೆ ಜೇಡರ ಬಲೆ ಥರ, ಸಣ್ಣ ಬೇರಿನ ಥರ ಕವಲು ಒಡೆದಿದ್ರೆ ಅದು ಬೂಷ್ಟು. ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಮಬ್ಬಿದ್ರೆ ಹೇಜ್, ಕೆಲವೊಮ್ಮೆ ಒರೆಸಿದ್ರೆ ಹೋಗತ್ತೆ, ಆದ್ರೆ ಬಿಚ್ಚೋ ಕೂಲಿ ಲೆಕ್ಕ ಹಾಕ್ಕೊಳ್ಳಿ. ಅಂಚಲ್ಲಿ ಎಣ್ಣೆ ನೀರಿನ ಮೇಲೆ ಬಿದ್ದಾಗ ಬರೋ ಕಾಮನಬಿಲ್ಲಿನ ಬಣ್ಣ ಕಂಡ್ರೆ ಎರಡು ಗಾಜು ಅಂಟಿಸಿದ ಗೋಂದು ಬಿಟ್ಟಿದೆ ಅಂತ ಅರ್ಥ, ವಾಪಸ್ ಇಟ್ಟು ಬನ್ನಿ. ಮುಂದಿನ ಗಾಜಲ್ಲಿ ಒಂದು ಸಣ್ಣ ಗೀರು ಇದ್ರೆ ಪರ್ವಾಗಿಲ್ಲ, ಹಿಂದಿನ ಗಾಜಲ್ಲಿ ಗೀರು ಬೇಡ.

ಆಮೇಲೆ ಬ್ಲೇಡ್, ಅಂದ್ರೆ ಅಪರ್ಚರ್ ತೂತನ್ನ ತೆರೆದು ಮುಚ್ಚೋ ತೆಳು ಎಲೆಗಳು. ನಿಕಾನ್, ಪೆಂಟಾಕ್ಸ್ ಲೆನ್ಸಲ್ಲಿ ಹಿಂದ್ಗಡೆ ಒಂದು ಪುಟ್ಟ ಲಿವರ್ ಇರತ್ತೆ, ರಿಂಗ್‌ನ 16ಕ್ಕೆ ಇಟ್ಟು ಲಿವರ್ ತಳ್ಳಿ ಬಿಟ್ಬಿಡಿ. ಬ್ಲೇಡ್ ಪಟ್ ಅಂತ ಮುಚ್ಬೇಕು. ನಿಧಾನಕ್ಕೆ ಸೋಮಾರಿ ಥರ ಮುಚ್ಚಿದ್ರೆ ಎಣ್ಣೆ ಬಂದಿದೆ. ಅದ್ರಿಂದ ಏನಾಗತ್ತೆ ಅಂದ್ರೆ, ಈ ಕ್ಯಾಮೆರಾಗಳಲ್ಲಿ ನೀವು ನೋಡೋವಾಗ ಅಪರ್ಚರ್ ಪೂರ್ತಿ ತೆರೆದಿರತ್ತೆ, ಕ್ಲಿಕ್ ಮಾಡಿದ ಕ್ಷಣಕ್ಕೆ ಮಾತ್ರ ಮುಚ್ಚೋದು, ಅಷ್ಟರಲ್ಲಿ ಮುಚ್ಚದೇ ಹೋದ್ರೆ ಬೆಳಕು ಜಾಸ್ತಿ ಬಿದ್ದು ಫೋಟೋ ಬೆಳ್ಳಗಾಗತ್ತೆ, ನೀವು ಮೀಟರ್ ಕೆಟ್ಟಿದೆ ಅಂತ ತಿಳ್ಕೊಂಡು ಮೂರು ರೋಲ್ ಹಾಳು ಮಾಡ್ತೀರ.

ಒಳ್ಳೇ ಲೆನ್ಸ್ ಮನೆಗೆ ತಂದ್ಮೇಲೆ ಚರ್ಮದ ಕೇಸಿಂದ ಹೊರಗಿಡಿ. ಮುಚ್ಚಳಕ್ಕೆ ರಬ್ಬರ್ ಇರೋ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸೋ ಒಂದು ಪುಟ್ಟ ಮೀಟರ್, ಇಷ್ಟು ಸಾಕು, ಕರೆಂಟಿನ ಡ್ರೈ ಕ್ಯಾಬಿನೆಟ್ ದುಡ್ಡಿದ್ದಾಗ ತಗೊಳ್ಳಿ. ಮೀಟರ್ 40ರಿಂದ 50 ಪರ್ಸೆಂಟ್ ತೋರಿಸ್ತಿರ್ಲಿ. ನೀಲಿ ಜೆಲ್ ತೇವ ಕುಡಿದ್ರೆ ಗುಲಾಬಿ ಆಗತ್ತೆ, ಬಿಸಿ ಮಾಡಿದ್ರೆ ಮತ್ತೆ ನೀಲಿ, ಆದ್ರೆ ಅಡುಗೆ ಬಾಣಲೇಲಿ ಬೇಡ, ಆ ನೀಲಿ ಬಣ್ಣಕ್ಕೆ ಕೋಬಾಲ್ಟ್ ಹಾಕಿರ್ತಾರೆ, ಒಳ್ಳೇದಲ್ಲ. ಅಕ್ಕಿ ಡಬ್ಬದಲ್ಲಿ ಇಡ್ತೀನಿ ಅಂತಾರೆ ಕೆಲವ್ರು, ಅಕ್ಕಿ ಹುಡಿ ಫೋಕಸ್ ರಿಂಗ್ ಒಳಗೆ ಹೋಗತ್ತೆ, ಬೇಡ. ಎಲ್ಲಕ್ಕಿಂತ ಹೆಚ್ಚಾಗಿ ಬಳಸ್ತಾ ಇರಿ, ಲೆನ್ಸ್‌ಗೆ ಗಾಳಿ ಬೆಳಕು ಕಾಣ್ತಾ ಇರ್ಲಿ.

ಉಳಿದ ಸಾಮಾನು ಬೇಗ ಹೇಳ್ತೀನಿ. ಮೊದ್ಲು ಹುಡ್, ಅಂದ್ರೆ ಬಿಸಿಲು ತಡೆಯೋಕೆ ಲೆನ್ಸ್ ಮುಂದೆ ಹಾಕೋ ಬಳೆ. ಹಳೇ ಲೆನ್ಸಿನ ಕೋಟಿಂಗ್ ಈಗಿನಷ್ಟು ಗಟ್ಟಿ ಇರಲ್ಲ, ಪಕ್ಕದಿಂದ ಬಿಸಿಲು ಗಾಜಿಗೆ ತಾಗಿದ್ರೆ ಬಣ್ಣ ಸಪ್ಪೆ ಆಗತ್ತೆ, ಸಣ್ಣ ಖರ್ಚಲ್ಲಿ ದೊಡ್ಡ ಉಪಕಾರ ಅಂದ್ರೆ ಹುಡ್‌ದೇ. ತಗೊಳ್ಳೋಕೆ ಮುಂಚೆ ಲೆನ್ಸಿನ ಮುಂದಿನ ತಿರುಪು ಎಷ್ಟು ಅಂತ ನೋಡಿ, ಹಳೇ ಪೆಂಟಾಕ್ಸ್ 50ಗೆ ಸಾಮಾನ್ಯವಾಗಿ 49 ಎಂಎಂ, ನಿಕಾನ್‌ಗೆ 52. ಯುವಿ ಫಿಲ್ಟರ್ ಹಾಕ್ಲೇಬೇಕು ಅಂತ ಏನಿಲ್ಲ, ಅಗ್ಗದ್ದು ಹಾಕ್ಕೊಂಡು ದೀಪೋತ್ಸವ ತೆಗೆಯೋಕೆ ಹೋದ್ರೆ ಪ್ರತಿ ದೀಪಕ್ಕೂ ಎದುರು ಮೂಲೇಲಿ ಒಂದೊಂದು ಉಲ್ಟಾ ದೀಪ ಕಾಣತ್ತೆ, ಅದು ಫಿಲ್ಟರಲ್ಲಿ ಬೆಳಕು ತಟ್ಟಿ ವಾಪಸ್ ಬಂದಿದ್ದು. ಕಪ್ಪು ಬಿಳುಪು ತೆಗೆಯೋರಿಗೆ ಮಾತ್ರ ಒಂದು ಹಳದಿ ಫಿಲ್ಟರ್ ಇರ್ಲೇಬೇಕು ಅಂತೀನಿ. ಡಿಸೆಂಬರಲ್ಲಿ ಹಂಪಿಗೆ ಹೋಗಿ ನೋಡಿ, ಫಿಲ್ಟರ್ ಇಲ್ದೆ ತೆಗೆದ್ರೆ ಆಕಾಶ ಖಾಲಿ ಕಾಗದ, ಬಂಡೆ ಎಲ್ಲಿ ಮುಗೀತು ಆಕಾಶ ಎಲ್ಲಿ ಶುರು ಆಯ್ತು ಗೊತ್ತಾಗಲ್ಲ, ಹಳದಿ ಹಾಕಿದ್ರೆ ನೀಲಿ ಸ್ವಲ್ಪ ಕಪ್ಪಾಗಿ ಮೋಡ ಎದ್ದು ಬರತ್ತೆ. ಸುಮಾರು ಒಂದು ಸ್ಟಾಪ್ ಬೆಳಕು ತಿನ್ನತ್ತೆ, ಲೆನ್ಸ್ ಮೂಲಕ ಅಳೆಯೋ ಮೀಟರ್ ಆದ್ರೆ ಅದೇ ಸರಿ ಮಾಡ್ಕೊಳತ್ತೆ, ಕೈ ಮೀಟರ್ ಆದ್ರೆ ನೀವೇ ಒಂದು ಸ್ಟಾಪ್ ತೆರೀಬೇಕು. ಮಳೆಗಾಲದ ಬೂದಿ ಆಕಾಶಕ್ಕೆ ಇದ್ರಿಂದ ಏನೂ ಆಗಲ್ಲ, ಅಲ್ಲಿ ನೀಲಿನೇ ಇಲ್ಲ ಕಪ್ಪಾಗೋಕೆ.

ಬ್ಯಾಟರಿ ಬಗ್ಗೆ ಒಂದು ಮಾತು. ಒಲಿಂಪಸ್ ಒಎಂ-1 ಥರದ ಕ್ಯಾಮೆರಾಗಳ ಮೀಟರ್ 1.35 ವೋಲ್ಟಿನ ಪಾದರಸದ ಸೆಲ್‌ಗೆ ಮಾಡಿದ್ದು, ಆ ಸೆಲ್ ಈಗ ಬರಲ್ಲ, 1.5 ವೋಲ್ಟಿಂದು ಹಾಕಿದ್ರೆ ಮೀಟರ್ ತಪ್ಪು ಹೇಳತ್ತೆ. ಕಿವಿ ಮಷೀನಿಗೆ ಹಾಕೋ 675 ಅನ್ನೋ ಸೆಲ್ ಸುಮಾರು 1.4 ವೋಲ್ಟ್ ಕೊಡತ್ತೆ, ಸುತ್ತ ಒಂದು ರಬ್ಬರ್ ರಿಂಗ್ ಹಾಕಿ ಕೂರಿಸ್ಬಹುದು, ಕೆಲವು ವಾರಕ್ಕೇ ಒಣಗತ್ತೆ, ಒಂದು ಪ್ಯಾಕೆಟ್ ಇಟ್ಕೊಳ್ಳಿ. ಕ್ಯಾಮೆರಾ ಮುಟ್ಟದೆ ಕ್ಲಿಕ್ ಮಾಡೋಕೆ ಕೇಬಲ್ ರಿಲೀಸ್ ಒಂದು, ಅಲ್ಲಾಡದ ಟ್ರೈಪಾಡ್ ಒಂದು. ಫ್ಲ್ಯಾಷ್ ಬಳಸೋರು ಸಿಂಕ್ ಸ್ಪೀಡ್, ಅಂದ್ರೆ ಫ್ಲ್ಯಾಷ್ ಜೊತೆ ನಡೆಯೋ ಅತಿ ವೇಗದ ಶಟರ್ ಎಷ್ಟು ಅಂತ ನೋಡ್ಕೊಳ್ಳಿ, ಕೆ 1000ಗೆ 1/60, ಅದಕ್ಕಿಂತ ವೇಗ ಇಟ್ರೆ ಅರ್ಧ ಫೋಟೋ ಕತ್ತಲು. ಸ್ಟಾರ್ ಫಿಲ್ಟರ್, ಟೆಲಿಕನ್ವರ್ಟರ್, ಹತ್ತು ಖಾನೆಯ ಬ್ಯಾಗು, ಇವೆಲ್ಲದರ ದುಡ್ಡು ರೋಲಿಗೆ ಹಾಕಿ.

ಸರಿ, ಈಗ ಬನ್ನಿ ಟೇಬಲ್ ಹತ್ರ. ಈ ಆರರಲ್ಲಿ ಎರಡಕ್ಕೆ ಬೂಷ್ಟು ಹಿಡಿದಿದೆ, ಒಂದರ ಬ್ಲೇಡಿಗೆ ಎಣ್ಣೆ ಬಂದಿದೆ, ಯಾವ್ದು ಅಂತ ನಾನು ಹೇಳಲ್ಲ. ಅಪ್ಪನ ಲೆನ್ಸೂ ಇದರಲ್ಲೇ ಇದೆ. ಲೈಟ್ ಆಫ್ ಮಾಡಿ ಸ್ವಲ್ಪ, ಮೊದ್ಲು ಯಾರು ಬರ್ತೀರ, ಟಾರ್ಚ್ ತಗೊಳ್ಳಿ.