ದೋಣಿ ಸುಡುವ ಹಬ್ಬ ಮತ್ತು ಅಡವಿಟ್ಟ ದ್ವೀಪಗಳು

ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಇಲ್ಲಿ ಇನ್ನೂ ಕುರ್ಚಿ ಖಾಲಿ ಇವೆ.

ಈ ವಾರ ನನ್ನ ಫೋನಿಗೆ ಒಂದೇ ವಿಡಿಯೋ ಏಳೆಂಟು ಸಲ ಬಂತು. ನಿಮಗೂ ಬಂದಿರಬಹುದು. ಕತ್ತಲು, ಹತ್ತಿರ ಹತ್ತಿರ ಸಾವಿರ ಪಂಜು, ಗಡ್ಡ ಬಿಟ್ಟು ಹೆಲ್ಮೆಟ್ ಹಾಕಿದ ಗಂಡಸರು, ನಡುವೆ ಧಗಧಗ ಉರಿಯುವ ಒಂದು ದೊಡ್ಡ ದೋಣಿ. ಕೆಳಗೆ ಬರಹ, ‘ಸಾವಿರ ವರ್ಷದಿಂದ ನಡೆದು ಬಂದ ವೈಕಿಂಗರ ಹಬ್ಬ’. ವೈಕಿಂಗರು ಅಂದರೆ ಹಿಂದೆ ನಾರ್ವೆ ಕಡೆಯಿಂದ ಹಡಗೇರಿ ಬರುತ್ತಿದ್ದವರು. ಇವತ್ತು ನಾನು ಮಾತಾಡಲು ಒಪ್ಪಿಕೊಂಡದ್ದೇ ಆ ಬರಹದಿಂದಾಗಿ.

ಹಬ್ಬ ನಿಜ. ಹೆಸರು ಅಪ್ ಹೆಲಿ ಆ. ಸ್ಕಾಟ್ಲೆಂಡಿನ ಉತ್ತರ ತುದಿ ದಾಟಿ ಸಮುದ್ರದಲ್ಲಿರುವ ಶೆಟ್ಲೆಂಡ್ ದ್ವೀಪಗಳ ಲರ್ವಿಕ್ ಊರಲ್ಲಿ ಜನವರಿಯ ಕೊನೆಯ ಮಂಗಳವಾರ ನಡೆಯುತ್ತದೆ. ಆದರೆ ಸಾವಿರ ವರ್ಷದ್ದಲ್ಲ. ಮೊದಲು ಅಲ್ಲಿನ ಹುಡುಗರು ಚಳಿಗಾಲದಲ್ಲಿ ಉರಿಯುವ ಟಾರಿನ ಪೀಪಾಯಿಗಳನ್ನು ಬೀದಿಯಲ್ಲಿ ಎಳೆದು ಗಲಾಟೆ ಮಾಡುತ್ತಿದ್ದರು. ಊರಿನವರು ಅದನ್ನು ನಿಲ್ಲಿಸಿದರು. ಪಂಜಿನ ಮೆರವಣಿಗೆ 1880ರ ದಶಕದಲ್ಲಿ ರೂಪ ಪಡೆಯಿತು, ದೋಣಿ ಸುಡುವುದು ಆ ದಶಕದ ಕೊನೆಗೆ ಬಂತು. ಲರ್ವಿಕ್‌ನ ಮೆರವಣಿಗೆ ತಂಡಗಳಲ್ಲಿ ಹೆಂಗಸರು ನಡೆದದ್ದಂತೂ 2023ರಿಂದ. ಸುಂದರವಾದ ಹಬ್ಬ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಶೆಟ್ಲೆಂಡಿಗೂ ನಾರ್ವೆಗೂ ಇರುವ ನಂಟನ್ನು ಆ ಹೆಲ್ಮೆಟ್ ಒಳಗೆ ಹುಡುಕಿದರೆ ಸಿಗುವುದಿಲ್ಲ. ಅದು ಇರುವುದು ಮೀನುಗಾರನ ಬಾಯಲ್ಲಿ, ಹೊಲದ ಹೆಸರಲ್ಲಿ, ದೋಣಿಯ ಹಲಗೆಯಲ್ಲಿ. ಅದನ್ನೇ ಹೇಳೋಣ ಅಂತ ಬಂದಿದ್ದೇನೆ.

ನಾನು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಎರಡು ವರ್ಷ ಕೆಲಸ ಮಾಡಿದವನು. ಅಲ್ಲಿಂದ ಸಂಜೆ ಹಡಗು ಹತ್ತಿದರೆ ಬೆಳಗ್ಗೆ ಲರ್ವಿಕ್. ಭೂಪಟ ತೆರೆದು ನೋಡಿ. ಲರ್ವಿಕ್‌ಗೆ ಅಬರ್ಡೀನ್ ಎಷ್ಟು ದೂರವೋ ನಾರ್ವೆಯ ಬರ್ಗೆನ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಸಮುದ್ರ ಅಂದರೆ ನಮಗೆ ಅಡ್ಡಗೋಡೆ ಅನ್ನಿಸುತ್ತದೆ. ಅವರಿಗೆ ಅದು ದಾರಿ.

ಸುಮಾರು ಕ್ರಿ.ಶ. 800ರ ಹೊತ್ತಿಗೆ ನಾರ್ವೆಯಿಂದ ಜನ ಬಂದರು. ಲೂಟಿಯೂ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಲೂಟಿ ಮಾಡಿದವನು ವಾಪಸ್ ಹೋಗುತ್ತಾನೆ, ಅಲ್ವಾ? ಇವರು ಹೋಗಲಿಲ್ಲ. ಉತ್ತು, ಬಿತ್ತಿ, ಕುರಿ ಸಾಕಿ ಆರು ನೂರು ವರ್ಷಕ್ಕೂ ಮೇಲೆ ಅಲ್ಲೇ ಬಾಳಿದರು. ಊರ ಹೆಸರುಗಳನ್ನೇ ನೋಡಿ. ಲರ್ವಿಕ್ ಅಂದರೆ ಕೆಸರಿನ ಕೊಲ್ಲಿ. ಪಕ್ಕದ ಆರ್ಕ್ನಿ ದ್ವೀಪಗಳ ಕರ್ಕ್‌ವಾಲ್ ಅಂದರೆ ಚರ್ಚಿನ ಕೊಲ್ಲಿ. ಟಿಂಗ್‌ವಾಲ್ ಅಂದರೆ ಸಭೆ ಸೇರುವ ಬಯಲು, ಐಸ್‌ಲೆಂಡಿನಲ್ಲಿ ಹಿಂದೆ ಸಭೆ ಸೇರುತ್ತಿದ್ದ ಥಿಂಗ್‌ವೆಟ್ಲಿರ್ ಇದೆಯಲ್ಲ, ಅದೇ ಮಾತು. ಕೆಸರು, ಚರ್ಚು, ಪಂಚಾಯಿತಿ. ಕತ್ತಿ ಹಿಡಿದು ಓಡಾಡುವವರಿಗೆ ಕೊಲ್ಲಿಯ ಕೆಸರು ಯಾಕೆ ಬೇಕು, ದೋಣಿ ಎಳೆದು ಮೇಲೆ ತರುವವನಿಗೆ ಬೇಕು.

ಇನ್ನು ಅಡವಿಟ್ಟ ಕಥೆ. 1468ರಲ್ಲಿ ಡೆನ್ಮಾರ್ಕ್-ನಾರ್ವೆಯ ರಾಜ ಒಂದನೇ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ಮೂರನೇ ಜೇಮ್ಸ್‌ಗೆ ಕೊಡಲು ಒಪ್ಪಿದ. ವರದಕ್ಷಿಣೆ 60,000 ಫ್ಲೋರಿನ್, ಅಂದಿನ ಚಿನ್ನದ ನಾಣ್ಯ. ಕೈಯಲ್ಲಿ ಕಾಸಿಲ್ಲ. 50,000ಕ್ಕೆ ಆರ್ಕ್ನಿ ದ್ವೀಪಗಳನ್ನು ಅಡವಿಟ್ಟ, ಉಳಿದ 10,000 ನಗದು ಕೊಡ್ತೀನಿ ಅಂದ. ಮರುವರ್ಷ ಹೊಂದಿಸಲು ಆದದ್ದು 2,000 ಮಾತ್ರ. ಬಾಕಿ 8,000ಕ್ಕೆ 1469ರಲ್ಲಿ ಶೆಟ್ಲೆಂಡ್ ಕೂಡ ಅಡವಿಗೆ ಹೋಯಿತು. ಮದುವೆಯ ಹೊತ್ತಿಗೆ ಹುಡುಗಿಗೆ ಹದಿಮೂರು ವರ್ಷ. ಆ ಮಗುವನ್ನು ಒಂದು ಗಳಿಗೆ ನೆನೆಯಿರಿ, ಚರಿತ್ರೆಯವರು ಫ್ಲೋರಿನ್ ಎಣಿಸುತ್ತಾ ಅವಳನ್ನು ಮರೆತುಬಿಡುತ್ತಾರೆ.

ಮಾರಿದ್ದಲ್ಲ, ಅಡವಿಟ್ಟದ್ದು. ಹಣ ಕೊಟ್ಟರೆ ಬಿಡಿಸಿಕೊಳ್ಳಬಹುದು. ಆದರೆ 1472ರಲ್ಲೇ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಎರಡನ್ನೂ ತನ್ನ ರಾಜನ ಪಾಲಿಗೆ ಸೇರಿಸಿಕೊಂಡಿತು. ಮುಂದೆ ಡೆನ್ಮಾರ್ಕ್ ಮತ್ತೆ ಮತ್ತೆ ಕೇಳಿತು, ವಾಪಸ್ ಸಿಗಲಿಲ್ಲ.

ನೆಲ ಕೈಬದಲಾಯಿತು. ಮಾತು ಏನಾಯಿತು? ಅಲ್ಲಿನವರ ಮಾತಿಗೆ ನಾರ್ನ್ ಅಂತ ಹೆಸರು, ನಾರ್ವೆಯಿಂದ ಬಂದವರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ಮಗಳು. ಕಾಗದಪತ್ರ, ಕೋರ್ಟು, ಚರ್ಚು ಎಲ್ಲ ಸ್ಕಾಟ್ಸ್ ಮಾತಿಗೆ ಹೋದ ಮೇಲೂ ಮನೆಯೊಳಗೆ ಅದು ಉಳಿದಿತ್ತು. ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಕಥೆ ಇದೆ, ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಫೂಲಾ ಅಂತ ಒಂದು ಒಂಟಿ ದ್ವೀಪ. ಶೆಟ್ಲೆಂಡಿನ ಪಶ್ಚಿಮಕ್ಕೆ ಸಮುದ್ರದೊಳಗೆ ಕಡಿದಾದ ಬಂಡೆಯ ಹಾಗೆ ನಿಂತಿದೆ. ಇವತ್ತಿಗೂ ಅಲ್ಲಿನವರು ಹಳೆಯ ಪಂಚಾಂಗ ಹಿಡಿದು ಜನವರಿ 6ಕ್ಕೆ ಕ್ರಿಸ್‌ಮಸ್ ಮಾಡುತ್ತಾರೆ. 1774ರಲ್ಲಿ ಜಾರ್ಜ್ ಲೋ ಅನ್ನುವ ಪಾದ್ರಿ ಅಲ್ಲಿಗೆ ಹೋದ. ಹಕ್ಕಿ, ಗಿಡ, ಕಲ್ಲು ಎಲ್ಲ ಬರೆದುಕೊಳ್ಳುವ ಹುಚ್ಚಿನ ಮನುಷ್ಯ. ಗುಟ್ಟಾರ್ಮ್ ಅನ್ನುವ ಹೊಲಮನೆಯಲ್ಲಿ ವಿಲಿಯಂ ಹೆನ್ರಿ ಅನ್ನುವ ಮುದುಕ ಸಿಕ್ಕಿದ. ಆ ಮುದುಕ ಒಂದು ಹಾಡು ಹೇಳಿದ. ನಾರ್ವೆ ರಾಜನ ಮಗಳು ಹಿಲ್ಡಿನಾ ಆರ್ಕ್ನಿಯ ದೊರೆಯ ಜೊತೆ ಓಡಿಹೋಗುತ್ತಾಳೆ. ಅವಳನ್ನು ಬಯಸಿದ್ದ ಇನ್ನೊಬ್ಬ ಅವಳ ಗಂಡನನ್ನು ಕೊಂದು, ಆ ತಲೆಯನ್ನು ಅವಳ ಮಡಿಲಿಗೇ ಎಸೆಯುತ್ತಾನೆ. ಅವಳು ಕಾಯುತ್ತಾಳೆ. ಇವನ ಜೊತೆಗೇ ಮದುವೆ ಗೊತ್ತಾಗುತ್ತದೆ. ಮದುವೆಯ ದಿನ ಮದ್ಯಕ್ಕೆ ಮತ್ತಿನ ಮದ್ದು ಬೆರೆಸಿ ಎಲ್ಲರೂ ಮಲಗಿದ ಮೇಲೆ ಅವನಿರುವ ಮನೆಗೆ ಬೆಂಕಿ ಇಡುತ್ತಾಳೆ.

ಕಥೆ ಹಾಗಿರಲಿ. ಈಗ ಕೇಳಿ. ಬರೆದುಕೊಳ್ಳುತ್ತಿದ್ದ ಲೋಗೆ ನಾರ್ನ್ ಬರುವುದಿಲ್ಲ, ಒಂದು ಸಾಲೂ ಅರ್ಥವಾಗುವುದಿಲ್ಲ. ಹೇಳುತ್ತಿದ್ದ ಮುದುಕನಿಗೆ ಕಥೆ ಗೊತ್ತು, ಸಾಲು ಸಾಲಿಗೆ ಅರ್ಥ ಬಿಡಿಸಿ ಹೇಳಲು ಬರುವುದಿಲ್ಲ. ಒಬ್ಬ ಬಾಯಿಂದ ಬಂದ ಸದ್ದನ್ನು ಕೊಡುತ್ತಿದ್ದಾನೆ, ಇನ್ನೊಬ್ಬ ಕಿವಿಗೆ ಬಿದ್ದ ಸದ್ದನ್ನು ಬರೆಯುತ್ತಿದ್ದಾನೆ. ಹಾಗೆ 35 ಪದ್ಯ! ಬೇಸರ ಬಂದು ಇಬ್ಬರಲ್ಲಿ ಒಬ್ಬ ಎದ್ದುಹೋಗಿದ್ದರೆ ಮುಗಿಯುತ್ತಿತ್ತು. ನಾರ್ನ್‌ನಲ್ಲಿ ನಮಗೆ ಉಳಿದ ಉದ್ದನೆಯ ಹಾಡು ಅದೊಂದೇ. ಮುಂದೆ ನಾರ್ವೆಯ ಪಂಡಿತರು ಕೂತು ಆ ಸದ್ದಿನೊಳಗಿಂದ ಮಾತನ್ನು ಹೆಕ್ಕಿದರು. ನಾನು ಇದನ್ನು ಎಷ್ಟು ಸಲ ಹೇಳಿದ್ದೇನೋ, ಈಗಲೂ ಮೈ ಜುಮ್ಮೆನ್ನುತ್ತದೆ.

ನೂರಿಪ್ಪತ್ತು ವರ್ಷದ ನಂತರ, 1893ರಲ್ಲಿ, ಯಾಕೋಬ್ ಯಾಕೋಬ್ಸನ್ ಅನ್ನುವ ಭಾಷಾ ಪಂಡಿತ ಶೆಟ್ಲೆಂಡಿಗೆ ಬಂದ. ಫೆರೋ ದ್ವೀಪದವನು, ಅವನ ತಾಯಿಮಾತು ನಾರ್ನ್‌ಗೆ ಹತ್ತಿರದ ಸಂಬಂಧಿ. ಭಾಷೆ ಆಗಲೇ ಸತ್ತಿತ್ತು. ಆದರೂ ಮನೆ ಮನೆ ಸುತ್ತಿ ಸುಮಾರು 10,000 ಪದ ಕೂಡಿಸಿದ. ಭಾಷೆ ಸತ್ತ ಮೇಲೂ ಹತ್ತು ಸಾವಿರ ಪದ! ಎಲ್ಲಿದ್ದವು? ಕೆಲಸದಲ್ಲಿ. ಉರುವಲಿಗೆ ಪೀಟ್ ಮಣ್ಣು ಕಡಿಯುವ ಸಲಿಕೆಗೆ ಟಸ್ಕರ್, ದಡದಲ್ಲಿ ದೋಣಿ ಇಡುವ ಗುಂಡಿಗೆ ನೂಸ್ಟ್, ಆಳ ಸಮುದ್ರದ ಮೀನುಗಾರಿಕೆಗೆ ಹಾಫ್.

ಹಾಫ್‌ನಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಸಮುದ್ರದ ಮೇಲೆ ಕೆಲವು ಮಾತು ಆಡಬಾರದು ಅಂತ ಮೀನುಗಾರರ ನಂಬಿಕೆ. ಚರ್ಚು ಅನ್ನಬಾರದು, ‘ಬೆನಿಹೂಸ್’ ಅನ್ನಬೇಕು, ಅಂದರೆ ಪ್ರಾರ್ಥನೆಯ ಮನೆ. ಪಾದ್ರಿಗೆ ‘ಅಪ್‌ಸ್ಟಾಂಡರ್’, ಎದ್ದು ನಿಲ್ಲುವವನು. ರಾತ್ರಿ ಹೊತ್ತು ಹಾವನ್ನು ಹಾವು ಅನ್ನಬೇಡ, ಹುಳ ಅನ್ನು ಅಂತ ಅಜ್ಜಿ ಬೈದದ್ದು ನಿಮಗೆ ನೆನಪಿರಬೇಕು, ಹಾಗೇ ಇದು. ದಡದಲ್ಲಿ ಯಾರೂ ಆಡದ ಮಾತು ಭಯದಿಂದಾಗಿ ದೋಣಿಯೊಳಗೆ ಬದುಕಿತು. ಆ ಭಯ ಸುಮ್ನೆ ಹುಟ್ಟಿದ್ದಲ್ಲ. 1881ರ ಜುಲೈನ ಒಂದೇ ಬಿರುಗಾಳಿಗೆ ಹತ್ತು ದೋಣಿ ಹೋದವು, 58 ಗಂಡಸರು ಮನೆಗೆ ಬರಲಿಲ್ಲ.

ಆ ದೋಣಿಗಳ ಕಥೆಯೂ ಇದೇ. ಶೆಟ್ಲೆಂಡಿನಲ್ಲಿ ಮರವೇ ಇಲ್ಲ ಅನ್ನಬಹುದು. ನಾರ್ವೆಯ ಬಡಗಿ ದೋಣಿ ಮಾಡಿ, ಮತ್ತೆ ಬಿಚ್ಚಿ, ಹಲಗೆಗಳನ್ನು ಕಟ್ಟಿ ಕಳಿಸುತ್ತಿದ್ದ. ಶೆಟ್ಲೆಂಡಿನವರು ಜೋಡಿಸಿಕೊಳ್ಳುತ್ತಿದ್ದರು. ದ್ವೀಪಗಳು ಅಡವಿಗೆ ಹೋಗಿ ಮುನ್ನೂರು ವರ್ಷ ಕಳೆದರೂ ಈ ವ್ಯಾಪಾರ ನಿಲ್ಲಲಿಲ್ಲ. ಆರು ಹುಟ್ಟಿನ ದೋಣಿಗೆ ಅವರು ಸಿಕ್ಸರೀನ್ ಅನ್ನುತ್ತಾರೆ, ಅದೂ ನಾರ್ಸ್ ಮಾತೇ. ಈಗ ಹೇಳಿ, ನಂಟು ಹೆಲ್ಮೆಟ್ಟಿನಲ್ಲಿದೆಯೋ ಹಲಗೆಯಲ್ಲಿದೆಯೋ?

ಚೀಟಿ ಬಂತು, ಹತ್ತು ನಿಮಿಷ ಅಂತೆ. ಸರಿ, ಬೇಗ ಹೇಳುತ್ತೇನೆ.

1940ರಲ್ಲಿ ಜರ್ಮನಿ ನಾರ್ವೆಯನ್ನು ಹಿಡಿಯಿತು. ಮರುವರ್ಷದಿಂದ ನಾರ್ವೆಯ ಹುಡುಗರು ಮೀನುದೋಣಿಗಳಲ್ಲಿ ಶೆಟ್ಲೆಂಡಿನಿಂದ ಕತ್ತಲಲ್ಲಿ ಹೊರಟು ಆಯುಧ, ಗುಪ್ತಚರರನ್ನು ತಮ್ಮ ಊರಿನ ದಡಕ್ಕೆ ಇಳಿಸಿ, ತಪ್ಪಿಸಿಕೊಂಡವರನ್ನು ಹತ್ತಿಸಿಕೊಂಡು ಬರುತ್ತಿದ್ದರು, ಅದೂ ಚಳಿಗಾಲದಲ್ಲಿ, ಯಾಕೆಂದರೆ ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಸರಿಯಾಗಿ ಕತ್ತಲಾಗುವುದೇ ಇಲ್ಲ. ಇದಕ್ಕೆ ಹೆಸರು ಶೆಟ್ಲೆಂಡ್ ಬಸ್. ಮೊದಲು ಶೆಟ್ಲೆಂಡಿನ ಲುನ್ನಾದಿಂದ, ಆಮೇಲೆ ಅಲ್ಲಿನ ಸ್ಕಾಲೊವೇಯಿಂದ. 44 ಜನ ಸತ್ತರು. ಲೈಫ್ ಲಾರ್ಸನ್ ಅನ್ನುವವನೊಬ್ಬನೇ 52 ಸಲ ಹೋಗಿಬಂದ. 1943ರಲ್ಲಿ ಅಮೆರಿಕದ ಮೂರು ವೇಗದ ಹಡಗು ಬಂದ ಮೇಲೆ ಒಂದು ಹಡಗೂ ಮುಳುಗಲಿಲ್ಲ. ಸ್ಕಾಲೊವೇಯಲ್ಲಿ ಈಗ ಅವರ ಸ್ಮಾರಕ ಇದೆ, ಹೋದವರು ನೋಡಿ ಬನ್ನಿ.

ಕೊಲೆಯಾಗಿ ಸಂತನೆನಿಸಿದ ಆರ್ಕ್ನಿಯ ನಾರ್ಸ್ ದೊರೆ ಮ್ಯಾಗ್ನಸ್ ಬಗ್ಗೆ ಎರಡು ಪುಟ ಬರೆದಿದ್ದೆ, ಬಿಡ್ತೀನಿ. 1137ರಲ್ಲಿ ಅವನ ಹೆಸರಿನ ಕೆಥೆಡ್ರಲ್ ಕಟ್ಟಲು ಶುರುಮಾಡಿದರು, 1919ರಲ್ಲಿ ಅದರ ಕಂಬದೊಳಗೆ ಏಟು ಬಿದ್ದ ತಲೆಬುರುಡೆ ಸಿಕ್ಕಿತು, ಅಷ್ಟು ಸಾಕು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಸಿಕ್ಕ ನಾರ್ಸ್ ಚದುರಂಗದ ಕಾಯಿಗಳನ್ನೂ ಬಿಡ್ತೀನಿ. ವಾಲ್ರಸ್ ದಂತದ್ದು, ಬ್ರಿಟಿಷ್ ಮ್ಯೂಸಿಯಂನಲ್ಲಿ ಜಾಸ್ತಿ ಇವೆ, ಕೆಲವು ಎಡಿನ್‌ಬರೊದಲ್ಲಿವೆ.

ಕೊನೆಯ ಚಿತ್ರ ಹಾಕಿ. ಹ್ಞಾ, ಇದೇ. ಆರ್ಕ್ನಿಯ ಮೇಸ್‌ಹೌ, ಸುಮಾರು 5,000 ವರ್ಷ ಹಳೆಯ ಕಲ್ಲಿನ ಗೋರಿ. 12ನೇ ಶತಮಾನದಲ್ಲಿ ನಾರ್ಸ್ ಜನ ಒಳನುಗ್ಗಿ ಗೋಡೆಯ ಮೇಲೆ ರೂನ್ ಅನ್ನುವ ತಮ್ಮ ಹಳೆಯ ಅಕ್ಷರಗಳಲ್ಲಿ ಗೀಚಿದರು, ಮೂವತ್ತಕ್ಕೂ ಹೆಚ್ಚು ಬರಹ. ಯುದ್ಧದ ಘೋಷಣೆ ಇದೆ ಅಂತ ಅಂದುಕೊಂಡಿರಾ? ಒಂದು ಕಡೆ, ಇಂಗಿಗೆರ್ಥ್ ಎಲ್ಲರಿಗಿಂತ ಚೆಲುವೆ ಅಂತ ಇದೆ. ಇನ್ನೊಂದು ಈ ಗೋಡೆಯ ತೀರಾ ಮೇಲಿದೆ, ಯಾರದೋ ಹೆಗಲು ಹತ್ತಿ ಬರೆದಿರಬೇಕು. ಅಷ್ಟು ಕಷ್ಟಪಟ್ಟು ಅವನು ಬರೆದದ್ದು ಇಷ್ಟು: ‘ಥಾಲ್ಫಿರ್ ಕೋಲ್ಬೈನ್ಸನ್ ಈ ಅಕ್ಷರಗಳನ್ನು ಎತ್ತರದಲ್ಲಿ ಕೊರೆದ’.