ಬೇಲಿಯಿಲ್ಲದ ಹೊಲಗಳ ಊರು: ಇಂಗ್ಲೆಂಡಿನ ಲ್ಯಾಕ್ಸ್ಟನ್

(ದೃಶ್ಯ: ನವೆಂಬರ್ ತಿಂಗಳ ಮಬ್ಬು ಬೆಳಕು. ಟ್ರ್ಯಾಕ್ಟರಿನ ಟ್ರೇಲರಿನಿಂದ ಇಳಿಯುತ್ತಿರುವ ರೈತರು. ಒಬ್ಬರು ಹೊಲದಂಚಿನಲ್ಲಿ ಗೂಟ ಬಡಿಯುತ್ತಿದ್ದಾರೆ.)

ನಿರೂಪಣೆ: ನಮಸ್ಕಾರ. ಇಲ್ಲಿ ಗೂಟ ನೆಡುತ್ತಿರುವವರು ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್ಟನ್ ಎಂಬ ಪುಟ್ಟ ಹಳ್ಳಿಯ ರೈತರು. ಪ್ರತಿ ವರ್ಷ ನವೆಂಬರ್ ಕೊನೆಯಲ್ಲಿ, ಹೊಸದಾಗಿ ಗೋಧಿ ಬಿತ್ತಿದ ಹೊಲವನ್ನು ಊರಿನ ಪಂಚರು ಸುತ್ತಿ ನೋಡುತ್ತಾರೆ. ಯಾರಾದರೂ ತಮ್ಮ ಪಾಲಿನ ನೆಲದ ಪಟ್ಟಿಯನ್ನು ದಾಟಿ ದಾರಿಯನ್ನೋ ಊರೊಟ್ಟಿನ ಹುಲ್ಲುನೆಲವನ್ನೋ ಉತ್ತಿದ್ದರೆ, ಗಡಿಯನ್ನು ಗುರುತಿಸಿ ಗೂಟ ಹೊಡೆಯುತ್ತಾರೆ. ವಾರದ ಬಳಿಕ ‘ಕೋರ್ಟ್ ಲೀಟ್’ ಎಂಬ ಹಳೆಯ ನ್ಯಾಯಸಭೆ ಊರಿನ ಪಬ್ಬಿನಲ್ಲಿ ಸೇರಿ ದಂಡ ವಿಧಿಸುತ್ತದೆ. ದಂಡವೇನೋ ಚಿಲ್ಲರೆ ಹಣ. ನೆರೆಯವರೆಲ್ಲರ ಎದುರು ತನ್ನ ಒತ್ತುವರಿಯನ್ನು ಓದಿಸಿಕೊಳ್ಳುವ ಮುಜುಗರವೇ ಹೆಚ್ಚು ಕೆಲಸ ಮಾಡುತ್ತಿರಬೇಕು.

(ದೃಶ್ಯ: ಮೇಲಿನಿಂದ ಕಾಣುವ ಹೊಲಗಳು.)

ಇಷ್ಟೊಂದು ಕಾವಲು ಏಕೆಂದರೆ, ಇಲ್ಲಿ ಬೇಲಿಯೇ ಇಲ್ಲ. ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಎಂಬ ಮೂರು ವಿಶಾಲ ಬಯಲುಗಳಲ್ಲಿ ಒಬ್ಬೊಬ್ಬ ರೈತನ ಪಟ್ಟಿಗಳು ಅಲ್ಲೊಂದು ಇಲ್ಲೊಂದಾಗಿ ಹರಡಿಕೊಂಡಿವೆ. ಒಂದು ಬಯಲಿನಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ. ಮೂರನೆಯದನ್ನು ಪಾಳು ಬಿಟ್ಟು, ಮರುವರ್ಷ ಸರದಿ ಬದಲಿಸುವುದು ಹಿಂದಿನಿಂದ ಬಂದ ಕ್ರಮ. ಕೊಯ್ಲಾದ ಬಯಲಿಗೆ ಊರ ದನಕುರಿಗಳನ್ನೆಲ್ಲ ಒಟ್ಟಿಗೆ ಬಿಡುತ್ತಿದ್ದುದರಿಂದ, ಒಬ್ಬನು ತನಗೆ ತೋಚಿದ್ದನ್ನು ತೋಚಿದಾಗ ಬಿತ್ತಲು ಅವಕಾಶವಿರಲಿಲ್ಲ. ದಾರಿ ತಪ್ಪಿದ ದನವನ್ನು ದೊಡ್ಡಿಗೆ ಅಟ್ಟಲು ‘ಪಿಂಡರ್’ ಎಂಬ ಅಧಿಕಾರಿಯನ್ನು ನೇಮಿಸುವುದೂ ಇದೇ ನ್ಯಾಯಸಭೆ. ಹೊಲ ಎಲ್ಲ ದಿಕ್ಕಿನಲ್ಲೂ ಇರುವಾಗ ರೈತನ ಮನೆ ನಡುವೆ ಇರುವುದೇ ಅನುಕೂಲ. ಆದ್ದರಿಂದ ಬೇರೆಡೆ ಒಂಟಿ ಮನೆಗಳಾಗಿ ಹೊಲದ ನಡುವೆ ನಿಂತಿರುವ ತೋಟದಮನೆಗಳು ಇಲ್ಲಿ ಊರಬೀದಿಯ ಎರಡೂ ಬದಿಗೆ ಸಾಲುಗಟ್ಟಿವೆ.

ಮಧ್ಯಯುಗದಲ್ಲಿ ಇಂಗ್ಲೆಂಡಿನ ನಡುನಾಡಿನ ಬಹುಪಾಲು ಹಳ್ಳಿಗಳು ಹೀಗೆಯೇ ಉಳುತ್ತಿದ್ದವು. 1604ರಿಂದ 1914ರವರೆಗೆ ಸಂಸತ್ತು ಅಂಗೀಕರಿಸಿದ 5,200ಕ್ಕೂ ಹೆಚ್ಚು ಕಾಯ್ದೆಗಳು ಸುಮಾರು 68 ಲಕ್ಷ ಎಕರೆಯನ್ನು ಬೇಲಿಯೊಳಗೆ ತಂದವು. ಹಿಡುವಳಿಗಳು ಒಗ್ಗೂಡಿ ಇಳುವರಿ ಹೆಚ್ಚಿತು, ಗೋಮಾಳವನ್ನೇ ನಂಬಿದ್ದ ಬಡವರ ಕೈ ಬರಿದಾಯಿತು. ಲ್ಯಾಕ್ಸ್ಟನ್ ಉಳಿದುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಸ್ವಾರಸ್ಯಕರವಾಗಿದೆ: ಇಲ್ಲಿನ ಇಬ್ಬರು ದೊಡ್ಡ ಭೂಮಾಲೀಕರಾದ ಮ್ಯಾನ್ವರ್ಸ್ ಮತ್ತು ಸ್ಕಾರ್‌ಬರೊ ಅರ್ಲ್‌ಗಳ ಮನೆತನಗಳು ಒಪ್ಪಂದಕ್ಕೆ ಬರಲೇ ಇಲ್ಲ. ಪರಂಪರೆಯ ಮೇಲಿನ ಪ್ರೀತಿಗಿಂತ ದೊಡ್ಡವರ ಹಟವೇ ಊರಿಗೆ ಉಪಕಾರ ಮಾಡಿತು.

(ದೃಶ್ಯ: ಹಳೆಯ ನಕ್ಷೆಯ ಸಮೀಪ ನೋಟ.)

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಗಾರ ತಯಾರಿಸಿದ ಈ ನಕ್ಷೆ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಗಳನ್ನು ಗುರುತಿಸಿದ ಆತ, ನಡುನಡುವೆ ಉಳುವವರನ್ನೂ ಬೇಟೆಗಾರರನ್ನೂ ಪುಟ್ಟ ಚಿತ್ರಗಳಾಗಿ ಬರೆದಿದ್ದಾನೆ. ಇದನ್ನು ಮಾಡಿಸಿದವನು ಆಗಿನ ಒಡೆಯ, ಲಂಡನ್ನಿನ ವರ್ತಕ ಸರ್ ವಿಲಿಯಂ ಕೋರ್ಟೀನ್. ಹೆಸರು ನಮಗೆ ತೀರ ಹೊರಗಿನದಲ್ಲ: ಅವನ ಹೆಸರಿನ ವ್ಯಾಪಾರಕೂಟವೇ 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದು ಕರಾವಳಿಯ ಮೆಣಸಿನ ವ್ಯಾಪಾರಕ್ಕಿಳಿಯಿತು. ಅಷ್ಟರಲ್ಲಿ ಕೋರ್ಟೀನ್ ತೀರಿಕೊಂಡು ಎರಡು ವರ್ಷವಾಗಿತ್ತು.

ಆಮೇಲೆ ಒಡೆತನ ಹಲವು ಕೈ ಬದಲಾಯಿತು. 1952ರಲ್ಲಿ ಮ್ಯಾನ್ವರ್ಸ್ ಮನೆತನದಿಂದ ಕೃಷಿ ಸಚಿವಾಲಯಕ್ಕೆ, 1981ರಲ್ಲಿ ಅರಸೊತ್ತಿಗೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ಮತ್ತೆ ಅದೇ ಮನೆತನದ ಬೇರಿನ ಥೋರ್ಸ್‌ಬಿ ಎಸ್ಟೇಟಿಗೆ ಸೇರಿತು. ಇಂದು ಎತ್ತುಗಳ ಬದಲು ಟ್ರ್ಯಾಕ್ಟರ್ ಉಳುತ್ತದೆ, ಪಟ್ಟಿಗಳು ಅಗಲವಾಗಿ ಎಣಿಕೆಯಲ್ಲಿ ಕಡಿಮೆಯಾಗಿವೆ. ಉಳದೆ ಬಿಟ್ಟ ‘ಸೈಕ್’ಗಳ ಹುಲ್ಲನ್ನು ಮಾತ್ರ ಈಗಲೂ ಬೇಸಿಗೆಯಲ್ಲಿ ಹರಾಜು ಹಾಕುತ್ತಾರೆ.

(ದೃಶ್ಯ: ಪಬ್ಬಿನೊಳಗೆ ಮೇಜಿನ ಸುತ್ತ ಕುಳಿತ ರೈತರು.)

ದಂಡದ ಲೆಕ್ಕ ಮುಗಿದ ಮೇಲೆ ಸಭೆ ಮುಂದಿನ ವರ್ಷದ ಪಂಚರನ್ನು ನೇಮಿಸುತ್ತದೆ. ಅವರು ಸುತ್ತಿ ನೋಡಬೇಕಾದುದು ಬೇರೊಂದು ಬಯಲನ್ನು. ಗೋಧಿಯ ಸರದಿ ಆಗ ಅಲ್ಲಿಗೆ ಬಂದಿರುತ್ತದೆ.