ಕಫ ಬಾರದವರ ಕ್ಷಯಕ್ಕೆ ರಕ್ತದಲ್ಲಿ ಸುಳಿವು

ಕೇಳುಗರೆಲ್ಲರಿಗೂ ನಮಸ್ಕಾರ.

ಈಗ ರೇಡಿಯೊ ಕೇಳುತ್ತಿರುವವರಲ್ಲಿ ಆಶಾ ಕಾರ್ಯಕರ್ತೆಯರಿದ್ದೀರಿ, ತಿಂಗಳಾದರೂ ಜ್ವರ ಬಿಡದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರೂ ಇದ್ದೀರಿ. ನಿಮಗೆ ಕ್ಷಯರೋಗದ ಬಗ್ಗೆ ಹತ್ತು ವಿಷಯ ಹೇಳಲು ಹೋಗುವುದಿಲ್ಲ. ಒಂದನ್ನೇ ಹೇಳುತ್ತೇನೆ: ಕಫ ಬಾರದವರ ಕ್ಷಯ ನಮ್ಮ ಕೈಗೆ ಸಿಗುತ್ತಿಲ್ಲ. ಅದನ್ನು ಹಿಡಿಯಲು ರಕ್ತದಲ್ಲಿ ಸುಳಿವು ಬೇಕು.

ರಾಬರ್ಟ್ ಕಾಕ್ ಅವರು ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟದ್ದು 1882ರ ಮಾರ್ಚ್ 24ರಂದು. ಅಂದಿನಿಂದಲೂ ನಾವು ಹೆಚ್ಚಾಗಿ ನೆಚ್ಚಿಕೊಂಡಿರುವುದು ಕಫವನ್ನೇ. ಸೂಕ್ಷ್ಮದರ್ಶಕಕ್ಕೆ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ರೋಗಾಣುಗಳಾದರೂ ಇರಬೇಕು. ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್, ಟ್ರೂನಾಟ್ ಯಂತ್ರಗಳು ಅದಕ್ಕಿಂತ ತೀರ ಕಡಿಮೆ ಇದ್ದರೂ ಪತ್ತೆ ಮಾಡುತ್ತವೆ. ಒಳ್ಳೆಯ ಯಂತ್ರಗಳು, ಆದರೆ ಅವೂ ಮೊದಲು ಕೇಳುವುದು ಕಫವನ್ನೇ.

ನಾಲ್ಕು ವರ್ಷದ ಮಗುವಿಗೆ ಕಫದ ಡಬ್ಬಿ ಕೊಟ್ಟು ನೋಡಿ. ಎಂಜಲು ಉಗುಳುತ್ತದೆ, ಕಫವನ್ನು ನುಂಗಿಬಿಡುತ್ತದೆ. ಆಗ ನಾವೇನು ಮಾಡುತ್ತೇವೆ ಗೊತ್ತೇ? ಮಗುವನ್ನು ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಇರಿಸುತ್ತೇವೆ. ಬೆಳಗ್ಗೆ ಅದು ಹಾಸಿಗೆ ಬಿಟ್ಟೇಳುವ ಮುನ್ನ ಮೂಗಿನ ಮೂಲಕ ಹೊಟ್ಟೆಗೆ ಸಣ್ಣ ನಳಿಕೆ ಇಳಿಸಿ, ನುಂಗಿದ ಕಫವನ್ನು ಸಿರಿಂಜಿನಿಂದ ಎಳೆಯುತ್ತೇವೆ. ತಾಯಿ ಕೈಗಳನ್ನು ಹಿಡಿದಿರುತ್ತಾಳೆ, ನರ್ಸ್ ತಲೆ ಹಿಡಿದಿರುತ್ತಾರೆ, ಮಗು ಕಿರುಚುತ್ತಿರುತ್ತದೆ. ಇಷ್ಟಾದರೂ ಎಷ್ಟೋ ಮಕ್ಕಳಲ್ಲಿ ರೋಗಾಣು ಸಿಗುವುದಿಲ್ಲ. ಬೆನ್ನುಮೂಳೆಯ ಕ್ಷಯ, ಮಿದುಳಿನ ಪೊರೆಯ ಕ್ಷಯ, ಕರುಳಿನ ಕ್ಷಯ ಇರುವವರಿಗಂತೂ ಕಫವೇ ಬಾರದಿರಬಹುದು.

"ಹಾಗಾದರೆ ರಕ್ತ ಪರೀಕ್ಷೆ ಮಾಡಿಸಿದರಾಯಿತಲ್ಲ ಡಾಕ್ಟ್ರೇ" ಎಂದು ಕೇಳುತ್ತೀರಿ. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ರಕ್ತದಲ್ಲಿ ಪ್ರತಿಕಾಯ, ಅಂದರೆ ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರೋಟೀನು, ಹುಡುಕಿ ಕ್ಷಯ ಹೇಳುವ ಹಳೆಯ ಪರೀಕ್ಷೆಗಳು ದಾರಿ ತಪ್ಪಿಸುತ್ತವೆ. ರೋಗ ಇದ್ದವರಿಗೆ ಇಲ್ಲ ಎನ್ನುತ್ತವೆ, ಇಲ್ಲದವರಿಗೆ ಇದೆ ಎನ್ನುತ್ತವೆ. ಅವುಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. 2012ರಲ್ಲಿ ಭಾರತ ಸರ್ಕಾರ ನಿಷೇಧವನ್ನೇ ಹೇರಿತು. ಈಗಲೂ ಯಾರಾದರೂ ಅಂಥ ಚೀಟಿ ಹಿಡಿದುಕೊಂಡು ಬಂದರೆ ನನಗೆ ಬಹಳ ಬೇಸರವಾಗುತ್ತದೆ.

ನಾನು ಹೇಳುತ್ತಿರುವ ಸುಳಿವು ಬೇರೆಯದು. ಜೋಳದ ಹೊಲಕ್ಕೆ ಕತ್ತಲಲ್ಲಿ ಕಾಡುಹಂದಿ ನುಗ್ಗಿದರೆ ನಿಮಗೆ ಹಂದಿ ಕಾಣುವುದಿಲ್ಲ, ಆದರೆ ನಾಯಿ ಬೊಗಳುವುದು ಕೇಳುತ್ತದೆ. ನೆಂಟರು ಬಂದಾಗ ಬೊಗಳುವ ರೀತಿಯೇ ಬೇರೆ, ಹಂದಿ ಬಂದಾಗಿನ ರೀತಿಯೇ ಬೇರೆ. ನಮ್ಮ ಬಿಳಿ ರಕ್ತಕಣಗಳು ಆ ನಾಯಿಗಳು. ಕ್ಷಯದ ರೋಗಾಣು ತಲೆ ಎತ್ತಿದಾಗ ಅವುಗಳೊಳಗೆ ಕೆಲವು ಜೀನ್‌ಗಳು ಜೋರಾಗಿ ಕೆಲಸಕ್ಕೆ ಇಳಿಯುತ್ತವೆ, ಕೆಲವು ತಣ್ಣಗಾಗುತ್ತವೆ. ಆ ಏರಿಳಿತವನ್ನು ಅಳೆದರೆ ಸಾಕು, ರೋಗಾಣುವನ್ನೇ ಹುಡುಕಬೇಕಾಗಿಲ್ಲ.

ಇದು ನಿಜಕ್ಕೂ ಆಗುತ್ತದೆಯೇ ಎನ್ನುವವರಿಗೆ ನಾನು ವುಸ್ಟರ್‌ನ ಕಥೆ ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದ, ದ್ರಾಕ್ಷಿ ತೋಟಗಳ ಊರು ಅದು. ಕ್ಷಯ ಅಲ್ಲಿ ಮನೆಮಾತು. ಸಂಶೋಧಕರು ಅಲ್ಲಿನ ಶಾಲೆಗಳಿಗೆ ಹೋಗಿ 12ರಿಂದ 18 ವರ್ಷದ 6,363 ಹುಡುಗ ಹುಡುಗಿಯರನ್ನು ಸೇರಿಸಿಕೊಂಡರು. ಯಾರಿಗೂ ಕಾಯಿಲೆ ಇರಲಿಲ್ಲ. ರಕ್ತ ತೆಗೆದು, ಅದರ ಆರ್‌ಎನ್‌ಎ, ಅಂದರೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಅಣು, ಕೆಡದಂತೆ ಕಾಪಾಡುವ ದ್ರವವಿರುವ ಕೊಳವೆಗಳಲ್ಲಿ ತುಂಬಿ, ಶೀತಲ ಪೆಟ್ಟಿಗೆಯಲ್ಲಿಟ್ಟರು. ಮತ್ತೆ ಎರಡು ವರ್ಷ ಮಕ್ಕಳ ಮೇಲೆ ಕಣ್ಣಿಟ್ಟರು. ಅವರಲ್ಲಿ ಕೆಲವರಿಗೆ ಕ್ಷಯ ಬಂತು. ಅಂಥ 46 ಮಂದಿಯ ಹಳೆಯ ಕೊಳವೆಗಳನ್ನು ಹೊರತೆಗೆದರು, ಅಂದರೆ ಕಾಯಿಲೆಗೆ ಮುಂಚಿನ ರಕ್ತ. ರೋಗಾಣು ಮೈಹೊಕ್ಕಿದ್ದರೂ ಗಟ್ಟಿಮುಟ್ಟಾಗಿಯೇ ಉಳಿದ ಇತರ ಮಕ್ಕಳ ರಕ್ತದೊಂದಿಗೆ ಹೋಲಿಸಿದರು. ಹದಿನಾರು ಜೀನ್‌ಗಳು ವ್ಯತ್ಯಾಸ ಹೇಳಿದವು! ಕೆಮ್ಮು ಇಲ್ಲ, ಜ್ವರ ಇಲ್ಲ, ಆದರೂ ಕಾಯಿಲೆ ಕಾಣಿಸಿಕೊಳ್ಳುವ ಹಿಂದಿನ ಒಂದು ವರ್ಷದ ರಕ್ತದಲ್ಲಿ ಮೂವರಲ್ಲಿ ಇಬ್ಬರ ಸುಳಿವು ಸಿಕ್ಕಿತ್ತು. 2016ರಲ್ಲಿ ಇದು ಪ್ರಕಟವಾದಾಗ ನಾನು ಆ ಲೇಖನವನ್ನು ಮೇಜಿನ ಮೇಲಿಂದ ಎತ್ತಿಡಲೇ ಇಲ್ಲ. ಕ್ಷಯವೆಂದರೆ ಬಂದ ಮೇಲೆ ಹಿಡಿಯುವ ರೋಗ ಎಂದೇ ನಮಗೆ ಕಲಿಸಿದ್ದರು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ 2017ರಲ್ಲಿ ಹತ್ತು ಜೀನ್‌ಗಳ ಗುಂಪೊಂದನ್ನು ಗುರುತಿಸಿದರು. ಬೆರಳ ತುದಿಯ ರಕ್ತದಲ್ಲಿ ಮೂರೇ ಜೀನ್ ಅಳೆದು ಒಂದು ಗಂಟೆಯೊಳಗೆ ಉತ್ತರ ಕೊಡುವ ಕಾರ್ಟ್ರಿಜ್ ಕೂಡ ಸಿದ್ಧವಾಗಿದೆ, ಸಿಬಿನಾಟ್ ಯಂತ್ರದಲ್ಲೇ ಕೂರುತ್ತದೆ. ಭಾರತವೂ ಸೇರಿ ಐದು ದೇಶಗಳ ಮಕ್ಕಳಲ್ಲಿ ಅದನ್ನು ಪರೀಕ್ಷಿಸಿದಾಗ, ಕ್ಷಯ ಖಚಿತವಾಗಿದ್ದ ಹತ್ತು ಮಕ್ಕಳಲ್ಲಿ ಆರು ಮಕ್ಕಳಷ್ಟು ಸಿಕ್ಕರು. ಸಾಲದು. ಮೊದಲ ಸೋಸುವಿಕೆಯ ಪರೀಕ್ಷೆ ನೂರಕ್ಕೆ 90 ರೋಗಿಗಳನ್ನಾದರೂ ಹಿಡಿಯಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ವೈರಸ್ ಜ್ವರದಲ್ಲೂ ಇದೇ ಜೀನ್‌ಗಳಲ್ಲಿ ಕೆಲವು ಎಚ್ಚರಗೊಳ್ಳುವುದು ಇನ್ನೊಂದು ತೊಡಕು. ಅದಕ್ಕೇ ಹುಡುಕಾಟ ನಿಂತಿಲ್ಲ, ನಿಲ್ಲಲೂ ಬಾರದು. ಕಫ ಬಾರದ ಮಗುವಿಗೆ ರಕ್ತದ ಸುಳಿವು ಬೇಕೇ ಬೇಕು.

ಅಲ್ಲಿಯವರೆಗೆ, ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ಇಳಿಯುತ್ತಿರುವ ತೂಕ ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪರೀಕ್ಷೆಯೂ ಔಷಧಿಯೂ ಉಚಿತ. ಮಗುವಿಗೆ ಕಫ ಬರುತ್ತಿಲ್ಲವೆಂದು ವಾಪಸು ಕಳುಹಿಸಿದರೆ ಸುಮ್ಮನೆ ಬರಬೇಡಿ, ಮುಂದಿನ ಪರೀಕ್ಷೆ ಯಾವುದು ಎಂದು ಅಲ್ಲೇ ನಿಂತು ಕೇಳಿ. ಕ್ಷಯ ಸಹಾಯವಾಣಿಯ ಉಚಿತ ಸಂಖ್ಯೆ 1800 11 6666. ಬರೆದುಕೊಳ್ಳಲು ಮತ್ತೊಮ್ಮೆ ಹೇಳುತ್ತೇನೆ: 1800 11 6666. ನಮಸ್ಕಾರ.